ಅವರು ಕೂಗಿದ್ದು ಅಪ್ಪನ ಹೆಸರನ್ನು

ತಮ್ಮಾ ಚೀನೂ,

ನಿನಗೆ ಅಕ್ಷರ ಹತ್ತಲಿಲ್ಲ. ನಾನು ಹೈಸ್ಕೂಲು ಮುಗಿಸಿದವಳು, ಸ್ಲೇಟು ಹಿಡಿಸಿ ಎಷ್ಟು ತಿದ್ದಿಸಿದರೂ ನೀನು ನಕ್ಕು ಎದ್ದು ಹೋಗುತ್ತಿದ್ದೆ. ಈಗಿರುವಲ್ಲಿ ಓದಲು ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಬರದಿದ್ದರೆ ಅಮ್ಮ ಓದಿ ಹೇಳಲಿ.

ಆ ಜನವರಿ ಮಧ್ಯಾಹ್ನ, ಈ ಪರದೇಶದ ಮನೆಯಲ್ಲಿ, ಮೊಸರನ್ನ ಕಲಸಿಟ್ಟು ನಿನ್ನನ್ನು ಕರೆದೆ. ನೀನಿರಲಿಲ್ಲ. ಮುಂಬಾಗಿಲು ತೆರೆದಿತ್ತು, ಹೊರಗೆ ಕೊರೆಯುವ ಚಳಿ, ಸ್ವೆಟರು ಸೋಫಾದ ಮೇಲೇ ಇತ್ತು. ನನ್ನ ಮಗ ಗಿರಿ ಆಫೀಸಿನಿಂದ ಓಡಿ ಬಂದು ಸಬ್‌ಡಿವಿಷನ್ ಅನ್ನುವ ನಮ್ಮ ಬಡಾವಣೆ ಪೂರ್ತಿ ಕಾರಿನಲ್ಲಿ ಸುತ್ತಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ. ಆ ಕಡೆಯವಳು ವಯಸ್ಸು ಕೇಳಿದಳು. ಅರವತ್ತೊಂದು ಅಂದ. "ಅಡಲ್ಟ್ ತಾನೇ, ವಾಕ್ ಹೋಗಿರಬಹುದು, ಸ್ವಲ್ಪ ಕಾಯಿರಿ" ಅಂದಳಂತೆ. ಫೋನ್ ಕಿತ್ತುಕೊಂಡು ನನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದೆ: "ಬಾಡಿ ಸಿಕ್ಸ್ಟಿ ಒನ್, ಮೈಂಡ್ ಸಿಕ್ಸ್. ಯೂ ಕಮ್ ನೌ." ಬಂದರು, ಬೆಳಕು ಇಳಿಯುವ ಹೊತ್ತಿಗೆ.

ಬಂದವನು ಚಿಕ್ಕ ವಯಸ್ಸಿನ ಪೊಲೀಸು, ಮರ್ಯಾದಸ್ಥ. ಶೂ ಬಿಚ್ಚಲೇ ಎಂದು ಕೇಳಿದ. ನಿಮ್ಮ ತಮ್ಮ ಕುಡಿಯುತ್ತಾನಾ, ಮನೆಯಲ್ಲಿ ಜಗಳವಾಯಿತಾ ಎಂದೂ ಕೇಳಿದ. ಕುಡಿಯುವುದಂತೆ, ನೀನು! ಹಾಲನ್ನೇ ಆರಿಸಿ ಕೈಗೆ ಕೊಡಬೇಕಿತ್ತು. ನಿನ್ನ ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡ. "ಅವನು ವಾಪಸ್ ಬಂದರೆ ನೀವು ಮನೆಯಲ್ಲಿರಬೇಕು ಮ್ಯಾಮ್" ಎಂದು ನನ್ನನ್ನು ಕೂರಿಸಿ ಹೋದ.

ಕಿಟಕಿಯ ಬಳಿ ನಿಂತಿದ್ದಾಗ ಪೊಲೀಸ್ ಕಾರಿನ ಮೈಕು ಕೇಳಿಸಿತು. "ವೆಂಕಟಪ್ಪಾ! ವೆಂಕಟಪ್ಪಾ!" ಅದು ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕೆಂದು ನಿನ್ನ ಹೆಸರಿನ ಮುಂದೆ ಅಪ್ಪನ ಹೆಸರು ಸೇರಿಸಿದ್ದೆವು, ನಮ್ಮವರೆಲ್ಲ ಮಾಡುವಂತೆ. ಈ ದೇಶದಲ್ಲಿ ಮೊದಲು ಬರೆದದ್ದೇ ಹೆಸರು. ಆದರೆ ಅಪ್ಪ! ಮಾತಿಗೆ ಮೊದಲು ಬೆಲ್ಟು ಬಿಚ್ಚುತ್ತಿದ್ದ ಅಪ್ಪ. ಅವರು ಬಂದರೆಂದರೆ ಮಂಚದ ಕೆಳಗೆ ಸೇರಿ ಉಸಿರು ಬಿಗಿಹಿಡಿಯುತ್ತಿದ್ದವನು ನೀನು.

"ಗಿರಿ, ನಿಲ್ಲಿಸೋ ಅದನ್ನ! ಅದು ನಿನ್ನ ತಾತನ ಹೆಸರು. ಚೀನು ಅಂತ ಕೂಗಬೇಕು. ನಾನೇ ಹೋಗ್ತೀನಿ."

"ಅಮ್ಮಾ, ಅವರ ಕೆಲಸ ಅವರು ಮಾಡಲಿ. ರೆಕಾರ್ಡಲ್ಲಿ ಇರೋದನ್ನೇ ಕೂಗ್ತಾರೆ."

"ರೆಕಾರ್ಡು ಓಡಿ ಬರುತ್ತೇನೋ?"

ಗಿರಿ ಆ ಪೊಲೀಸಿಗೆ ಫೋನ್ ಮಾಡಿ ತಿಳಿಸಿದ. ಆತ "ಶ್ಯೂರ್" ಅಂದ. ಮೈಕು ಮಾತ್ರ ಅದನ್ನೇ ಕೂಗುತ್ತಾ ದೂರ ಹೋಯಿತು.

ಮರುದಿನ ಬೆಳಿಗ್ಗೆ ನೀನು ಸಿಕ್ಕಿದ್ದು ನಮ್ಮ ಹಿಂದಿನ ರಸ್ತೆಯಲ್ಲೇ. ಇನ್ನೂ ಯಾರೂ ಒಕ್ಕಲು ಬಂದಿರದ ಹೊಸ ಮನೆಯ ಡೆಕ್ಕಿನ, ಅದೇ ಮರದ ಹಲಗೆಯ ಜಗಲಿಯ ಕೆಳಗೆ, ಮೊಣಕಾಲಿಗೆ ಗಲ್ಲ ಊರಿ ಕೂತಂತೆಯೇ. ಚಳಿ ತಾಳಲಾರದೆ ಹೋದೆ ಎಂದರು ಡಾಕ್ಟರು. ಕಾರು ಆ ಮನೆಯ ಮುಂದೆಯೇ ಹಾದುಹೋಗಿತ್ತಂತೆ. ನಿನಗೆ ಕೇಳಿಸಿತಾ? ಕೇಳಿಸಿದ್ದಕ್ಕೇ ಇನ್ನೂ ಒಳಗೆ ಸರಿದೆಯಾ? ಅದನ್ನು ನೆನೆದರೆ...

ವೈಕುಂಠ ಸಮಾರಾಧನೆ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಸ್ಟೇಷನ್ನಿಗೆ ಹೋದೆ. ಅಳಲಿಲ್ಲ. "ಇಂಥವರು ಕಾಣೆಯಾದರೆ ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿ. ಯಾರ ದನಿ ಗುರುತು ಹಿಡಿಯುತ್ತಾರೆ ಎಂದು ಕೇಳಿ. ಆ ದನಿಯನ್ನು ಮನೆಯಲ್ಲಿ ಕೂರಿಸಬೇಡಿ" ಎಂದೆ. ಗಿರಿ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ. ಅವರು ತಲೆಯಾಡಿಸಿದರು. ತಲೆಯಾಡಿಸುವುದು ಯಾರಿಗೆ ಬರುವುದಿಲ್ಲ?

ಹೋದ ವಾರದ ಸುದ್ದಿ ಕೇಳು. ಪಕ್ಕದ ಸಬ್‌ಡಿವಿಷನ್ನಿನಲ್ಲಿ ಮರೆವಿನ ಕಾಯಿಲೆಯ ಮೈಸೂರಿನ ಅಜ್ಜಿಯೊಬ್ಬರು ಸಂಜೆ ಕಾಣೆಯಾದರು. ಅದೇ ಪೊಲೀಸು ನಮ್ಮ ಬಾಗಿಲಿಗೆ ಬಂದ. ಮಗಳು ವಿಮಾನದಲ್ಲಿದ್ದಾಳೆ, ಅಳಿಯನಿಗೆ ಕನ್ನಡ ಬಾರದು, ನೀವು ಬರುತ್ತೀರಾ ಎಂದ. ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಾರೆಂದು ಆತನೇ ಕೇಳಿಕೊಂಡು ಬಂದಿದ್ದ, ಪದ್ದಕ್ಕ ಎಂದು. ಕಾರಿನಲ್ಲಿ ಕೂತು ಮೈಕು ಹಿಡಿದೆ. "ಪದ್ದಕ್ಕಾ, ದೀಪ ಹಚ್ಚೋ ಹೊತ್ತಾಯ್ತು, ಬನ್ನಿ!"

"ಬಂದೆ ಕಣೇ, ಏನವಸರ ನಿಂಗೆ?" ಎಂದು ಗದರುತ್ತಾ ಅಜ್ಜಿ ಪೊದೆಯ ಹಿಂದಿನಿಂದ ಎದ್ದು ಬಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಾರಿನಿಂದ ಇಳಿದು ರಸ್ತೆಯಂಚಿನಲ್ಲಿ ಕೂತುಬಿಟ್ಟೆ. ಇಷ್ಟೇ ಸಾಕಿತ್ತಾ, ಚೀನೂ?

ನಿನ್ನ ಅಕ್ಕ