ತವರಿಗೆ ತಂದ ಸ್ಟೇರಿಂಗ್

ಲೋಕಾಪುರ, ಗುರುವಾರ

ಅಜಿತನ ಅಪ್ಪಾಜಿಯವರಿಗೆ ನಮಸ್ಕಾರ.

ಕಾರು ಪಲ್ಟಿಯಾದರೆ ತಲೆ ಕಾಯುವ ಕಬ್ಬಿಣದ ಪಂಜರವನ್ನು ರೇಸಿನವರ ತಪಾಸಣೆ ಮುಗಿದೊಡನೆ ಬಿಚ್ಚಿಸುವುದು ನಿಮ್ಮ ಗ್ಯಾರೇಜಿನ ಪದ್ಧತಿ.

“ತೂಕ ಕಡಿಮಿ ಆದ್ರ ಗಾಡಿ ಹಾರತೈತಿ” ಎಂದಿರಿ.

“ಹಾರಿ ಎಲ್ಲಿ ಬೀಳತೈತ್ರಿ?” ಎಂದೆ.

“ಅಪಶಕುನ ನುಡೀಬ್ಯಾಡ. ಒಂದು ನಿಂಬಿಹಣ್ಣು ಕಟ್ಟು, ಸಾಕು” ಎಂದು ನಕ್ಕಿರಿ.

ಭಾನುವಾರದ ರೇಸಿನಲ್ಲಿ ಆ ಕಾರನ್ನು ಓಡಿಸುವವನು ನಮ್ಮ ಮಗ.

ಅವನೇ ಹಿಂದೊಮ್ಮೆ ತೋರಿಸಿದಂತೆ ಸ್ಟೇರಿಂಗ್ ಕಳಚಿಕೊಂಡು ತವರಿಗೆ ಬಂದಿದ್ದೇನೆ. ಪಂಜರವನ್ನು ಮತ್ತೆ ಬಿಚ್ಚಲಾಗದಂತೆ ವೆಲ್ಡಿಂಗ್ ಮಾಡಿಸಿ, ಕಾರನ್ನು ಟ್ರಾಲಿಯಲ್ಲಿ ಹೇರಿಕೊಂಡು ಬಂದು ನನಗೆ ತೋರಿಸಿ. ಆಮೇಲೆ ಕೊಡುತ್ತೇನೆ.

ಇಷ್ಟು ವರ್ಷಗಳಲ್ಲಿ ನನ್ನನ್ನು ಕರೆದೊಯ್ಯಲು ನೀವು ಈ ಮನೆಗೆ ಬಂದವರಲ್ಲ. ಸ್ಟೇರಿಂಗಿಗಾದರೆ ಬರುತ್ತೀರಿ.

ಇಂತಿ,
ತ್ರಿಶಲಾ