ಎರಡನ್ನು ಒತ್ತಿದವರಿಗೆ ಸಂಗೀತ

ಬಾಣಂತಿಯರ ದೂರವಾಣಿ ಆರೈಕೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಮಗಳು ತೀರಿಕೊಂಡು ಹತ್ತು ವಾರವಾಯಿತು. ನಿಮ್ಮ ವಿಭಾಗಕ್ಕೆ ಮಾತ್ರ ಸುದ್ದಿ ಮುಟ್ಟಿಲ್ಲ. ಪ್ರತಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳ ಫೋನು ಬಡಿದುಕೊಳ್ಳುತ್ತದೆ. “ಹೇಗಿದ್ದೀರಿ ತಾಯಿ? ಚೆನ್ನಾಗಿದ್ದರೆ ಒಂದನ್ನು ಒತ್ತಿ, ತೊಂದರೆಯಿದ್ದರೆ ಎರಡನ್ನು ಒತ್ತಿ” ಎಂದು ನಿಮ್ಮ ಯಂತ್ರದೊಳಗಿನ ಹೆಂಗಸು ನಯವಾಗಿ ಕೇಳುತ್ತಾಳೆ. ಸತ್ತವರು ಯಾವುದನ್ನು ಒತ್ತಬೇಕೆಂದು ಹೇಳುವುದಿಲ್ಲ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೆರಿಗೆಯ ನಂತರದ ಮೊದಲ ಕರೆಗೆ ಮಗಳೇ ಎರಡನ್ನು ಒತ್ತಿದ್ದಳು, ಕಿಬ್ಬೊಟ್ಟೆ ನೋಯುತ್ತಿತ್ತು. ತಾವು ಮೂವತ್ತೈದು ನಿಮಿಷ ಕೊಳಲು ಕೇಳಿಸಿದಿರಿ, ನಡುನಡುವೆ ಸಿಬ್ಬಂದಿಯೆಲ್ಲ ಕಾರ್ಯನಿರತರೆಂದು ತಿಳಿಸುವ ಸೌಜನ್ಯ ತೋರಿದಿರಿ, ಆಮೇಲೆ ಕರೆ ಕಡಿದುಹೋಯಿತು. “ತೊಂದರೆ ಅಂದ್ರೆ ಹಾಡು ಹಾಕ್ತಾರಮ್ಮ, ಮಗು ಮಲಗ್ಸೋಕೆ ಇಟ್ಕೊಳ್ಳೋಣ” ಎಂದು ಅವಳು ನಕ್ಕಳು. ನಾನೂ ನಕ್ಕೆ.

ಎರಡನೆಯ ಮಂಗಳವಾರ ಅವಳು ಮುಸುಕೆಳೆದು ಮಲಗಿದ್ದಳು. “ಚಳಿ ಆಗ್ತಿದೆ ಅಮ್ಮ, ಸ್ವಲ್ಪ ಹೊತ್ತು ಎಬ್ಬಿಸಬೇಡ” ಎಂದಿದ್ದಳು. ನಿದ್ದೆಗೆಟ್ಟದ್ದಕ್ಕೆ ಚಳಿ ಎಂದುಕೊಂಡೆ. ಫೋನು ಬಡಿದುಕೊಂಡಿತು, ಮಗು ಬೆಚ್ಚಿತು. ನನ್ನ ಕೈಯಲ್ಲಿ ತೋಳು ಜೋಡಿಸುತ್ತಿದ್ದ ಅಂಗಿ. ಎರಡನ್ನು ಒತ್ತಿದರೆ ಮತ್ತದೇ ಕೊಳಲು. ಏನೂ ಒತ್ತದಿದ್ದರೆ ಐದೈದು ನಿಮಿಷಕ್ಕೊಮ್ಮೆ ಮತ್ತೆ ಕರೆ. ಮಗಳ ನಿದ್ದೆ ಕೆಡದಿರಲೆಂದು ನಾನು ಒಂದನ್ನು ಒತ್ತಿದೆ. “ತುಂಬಾ ಸಂತೋಷ, ತಾಯಿ” ಎಂದಳು ನಿಮ್ಮ ಹೆಂಗಸು. ಸಂಜೆ ಮುಟ್ಟಿದರೆ ಮೈ ಕೆಂಡ. “ಗರ್ಭಕೋಶಕ್ಕೆ ನಂಜಾಗಿದೆ, ಬೆಳಿಗ್ಗೆನೇ ಕರ್ಕೊಂಡು ಬರಬಾರದಿತ್ತಾ?” ಎಂದರು ಆಸ್ಪತ್ರೆಯ ವೈದ್ಯೆ. ಗುರುವಾರ ಎಲ್ಲ ಮುಗಿಯಿತು.

ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ನೋಡಿ, ಚೆನ್ನಾಗಿದೀನಿ ಅಂತ ಅವರೇ ಒತ್ತಿದಾರಲ್ಲ” ಎಂದರು. ಒತ್ತಿದ್ದು ಯಾರ ಬೆರಳೆಂದು ನೀವು ಕೇಳಬಾರದಿತ್ತೆ? ಬಾಣಂತಿಯ ದನಿಯನ್ನೇ ಕೇಳದೆ ಅವಳ ಆರೋಗ್ಯ ನೋಡುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಅದು ನನ್ನ ಬೆರಳಲ್ಲೇ ಇದೆ, ಗುಂಡಿ ಹೊಲಿಯುವಾಗಲೆಲ್ಲ ಕಾಣುತ್ತದೆ. ನಿಮ್ಮ ಪಾಲನ್ನು ನೀವು ಒಪ್ಪಿಕೊಳ್ಳಿ ಎನ್ನುತ್ತಿದ್ದೇನೆ.

ಈಗ ನಾನು ಯಾವುದನ್ನೂ ಒತ್ತುವುದಿಲ್ಲ. ನಿಮ್ಮ ಯಂತ್ರದ ಹೆಂಗಸು ಮಧ್ಯಾಹ್ನದವರೆಗೂ ಕೇಳುತ್ತಲೇ ಇರುತ್ತಾಳೆ. ಮೊಮ್ಮಗಳು ಆ ದನಿ ಕೇಳಿ ನಗುವುದನ್ನು ಕಲಿತಿದ್ದಾಳೆ. ನನಗೆ ಭಯವಾಗುತ್ತದೆ.

ಎರಡನ್ನು ಒತ್ತಿದವಳಿಗೆ ಮನುಷ್ಯರು ಸಿಗಲಿ. ಬಾಣಂತಿ ಬಾಯಿಬಿಟ್ಟು ಹೇಳದೆ ಚೆನ್ನಾಗಿದ್ದಾಳೆಂದು ಬರೆದುಕೊಳ್ಳಬೇಡಿ. ಮುಂದಿನ ಮಂಗಳವಾರ ಹನ್ನೊಂದಕ್ಕೆ ಯಂತ್ರ ಬೇಡ, ತಾವೇ ಕರೆ ಮಾಡಿ. ಹೇಗಿದ್ದೀರಿ ತಾಯಿ ಎಂದು ತಾವೇ ಕೇಳಿ. ನಾನು ಎತ್ತುತ್ತೇನೆ, ಬಾಯಿಬಿಟ್ಟೇ ಹೇಳುತ್ತೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಇನ್ನೂ ಚೆನ್ನಾಗಿರುವ ಬಾಣಂತಿಯ ಅಮ್ಮ