ಅವಿರೋಧ ಆಯ್ಕೆ

ಅಪ್ಪಾಜಿ,

ಫೋನ್ ಬಿಟ್ಟು ಪತ್ರ ಬರೆಯುತ್ತಿರುವುದಕ್ಕೆ ಸಾರಿ. ನಿಮ್ಮ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ.

ಇಲ್ಲಿ ಮೆಡಿಕಲ್ ಫಸ್ಟ್ ಇಯರ್ ಕ್ಲಾಸ್ ರೆಪ್ ಎಲೆಕ್ಷನ್‌ಗೆ ಹೆಸರು ಕೊಟ್ಟಿದ್ದೇನೆ. ನಿನ್ನೆ ಸೀನಿಯರ್ಸ್ ಹಾಸ್ಟೆಲ್ ರೂಮಿಗೇ ಬಂದು, ‘ಈ ಸಲ ಹಿಂದ ಸರಿ, ಅವಿರೋಧ ಆಗ್ಲಿ. ಮುಂದಿನ ವರ್ಷ ನಿನ್ನನ್ನ ಮಾಡೂಣು’ ಅಂದರು. ನಗುತ್ತಲೇ ಅಂದರು. ಆಗಿನಿಂದ ಓದಿದ್ದು ಒಂದೂ ತಲೆಗೆ ಹತ್ತುತ್ತಿಲ್ಲ.

ಹೋದ ವಾರ ಕುಂದಗೋಳಕ್ಕೆ ಬಂದಾಗ ನಮ್ಮ ಮನೆಯ ಹಾಲ್‌ನಲ್ಲೂ ಇದೇ ಮಾತು ಕೇಳಿದ್ದೆ. ತಾಲೂಕು ವೈದ್ಯರ ಸಂಘಕ್ಕೆ ಮತ್ತೆ ನೀವೇ ಅಧ್ಯಕ್ಷರಾಗಬೇಕು ಎಂದು ನಿಮ್ಮ ಗೆಳೆಯ ಮಡಿವಾಳೆಪ್ಪ ಕಾಕಾ, ನಿಮ್ಮೆದುರು ಎಲೆಕ್ಷನ್‌ಗೆ ನಿಂತಿರುವ ಮಹಾನಂದಾ ಡಾಕ್ಟರಿಗೆ, ‘ನಾಮಿನೇಶನ್ ವಾಪಸ್ ತಗೊಂಡ್‌ಬಿಡ್ರಿ ಅಕ್ಕಾರ. ನಮ್ಮ ನಮ್ಮೊಳಗ ಯಾಕ್ರಿ ವೋಟಿಂಗು?’ ಎನ್ನುತ್ತಿದ್ದರು. ನೀವು ಪೇಪರ್‌ನಿಂದ ತಲೆ ಎತ್ತಲಿಲ್ಲ. ‘ವಿಚಾರ ಮಾಡ್ತೇನ್ರಿ’ ಎಂದು ಅವರು ಚಹಾ ಮುಟ್ಟದೆ ಎದ್ದು ಹೋದರು.

ಸೀನಿಯರ್ಸ್‌ಗೆ ನಾನೂ ಅಷ್ಟೇ ಹೇಳಿ ಕಳಿಸಿದ್ದೇನೆ.

ಹಿಂದೆ ಸರಿಯಲೋ ಬೇಡವೋ, ನೀವು ಹೇಳಿದ ಹಾಗೆ ಮಾಡುತ್ತೇನೆ. ಆದರೆ ನನಗೆ ಏನು ಹೇಳುತ್ತೀರೋ ಅದನ್ನೇ ಮಹಾನಂದಾ ಡಾಕ್ಟರಿಗೂ ಹೇಳಿರಿ. ಇಲ್ಲಿ ವಾಪಸ್ ತೆಗೆದುಕೊಳ್ಳಲು ಮುಂದಿನ ಶನಿವಾರ ಕಡೆಯ ದಿನ. ಅದರೊಳಗೆ ಉತ್ತರ ಬರೆಯಿರಿ.

ನಿಮ್ಮ ಮಗಳು,
ಅಕ್ಷತಾ